ಯಾವ ಬೀದಿಗೆ ಗಸ್ತು, ಯಾವುದಕ್ಕೆ ಚೀಟಿ?

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವುದು ದಾವಣಗೆರೆಯ ನಕ್ಷೆ. ಕೆಂಪು ಚುಕ್ಕಿಗಳೆಲ್ಲ ಬೈಕ್ ಕಳ್ಳತನದ ಪ್ರಕರಣಗಳು. ಬೀದಿಗಳ ಹೆಸರನ್ನು ಬೇಕೆಂದೇ ಅಳಿಸಿದ್ದೇನೆ. ಕಳ್ಳರೂ ವ್ಲಾಗ್ ನೋಡುತ್ತಾರೆ. ಅಪರಾಧಶಾಸ್ತ್ರದ ಸ್ನಾತಕೋತ್ತರ ಪ್ರಬಂಧಕ್ಕಾಗಿ ಈ ಚುಕ್ಕಿಗಳನ್ನು ಇಡುವುದೇ ಸದ್ಯ ನನ್ನ ಕೆಲಸ.

ಪೊಲೀಸ್ ಜಾಲತಾಣದಲ್ಲಿ ಎಫ್‌ಐಆರ್ ಪ್ರತಿಗಳು ಸಿಗುತ್ತವೆ. ಕೃತ್ಯ ನಡೆದ ಸ್ಥಳದ ಕಲಂ ನೋಡಿ: ಠಾಣೆಯಿಂದ ಯಾವ ದಿಕ್ಕು, ಎಷ್ಟು ದೂರ, ಯಾವ ಬೀಟ್ (ಗಸ್ತಿಗಾಗಿ ವಿಂಗಡಿಸಿದ ಪ್ರದೇಶ), ವಿಳಾಸವೇನು. ವಿಳಾಸದಲ್ಲಿ ‘ಆಸ್ಪತ್ರೆಯ ಮುಂಭಾಗ’ ಎಂದು ಬರೆದಿದ್ದರೆ ಮುಗಿಯಿತು. ಆಸ್ಪತ್ರೆಗೆ ಎರಡು ಗೇಟು. ಒಂದರ ಪಕ್ಕದಲ್ಲಿ ಹಣ ಕೊಟ್ಟು ನಿಲ್ಲಿಸುವ ಸ್ಟ್ಯಾಂಡು, ಇನ್ನೊಂದರ ಎದುರು ಔಷಧಿ ಅಂಗಡಿಗಳ ಸಾಲು. ರೋಗಿಯನ್ನು ಹೊತ್ತು ತಂದವರು ಸ್ಟ್ಯಾಂಡ್ ಹುಡುಕುತ್ತಾರೆಯೇ? ಅಂಗಡಿಯ ಮುಂದೆ ಬೈಕ್ ಬಿಟ್ಟು ಒಳಗೆ ಓಡುತ್ತಾರೆ, ಕೆಲವರು ಕೀಲಿಯನ್ನೂ ಅಲ್ಲೇ ಮರೆಯುತ್ತಾರೆ. ಹೋಗಿ ನಿಂತು ನೋಡದೆ ಚುಕ್ಕಿ ಇಡಲಾಗದು.

ಇಷ್ಟು ಸೂಕ್ಷ್ಮ ಏಕೆಂದರೆ ಅಪರಾಧ ಊರ ತುಂಬ ಸಮನಾಗಿ ಹರಡಿರುವುದಿಲ್ಲ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶರ್ಮನ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಸುಮಾರು ಶೇ 3ರಷ್ಟು ವಿಳಾಸಗಳಿಂದಲೇ ಬಂದಿದ್ದವು.

ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಿನ್ನುವಾಗ ಪರಿಚಯದ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಸಿಕ್ಕರು. “ಅಲ್ಲಮ್ಮಾ, ಗಸ್ತು ಹೆಚ್ಚಿಸಿದರೆ ಕಳ್ಳತನ ಕಡಿಮೆಯಾಗುತ್ತದೆ ಎನ್ನಲು ಎಂ.ಎಸ್ಸಿ. ಓದಬೇಕೇ?” ಎಂದರು. ಅಮೆರಿಕದ ಕಾನ್ಸಾಸ್ ಸಿಟಿಯ ಕಥೆ ಹೇಳಿದೆ. ಅಲ್ಲಿ 1972–73ರಲ್ಲಿ 15 ಬೀಟ್‌ಗಳನ್ನು ಮೂರು ಗುಂಪು ಮಾಡಿದರು: ಒಂದರಲ್ಲಿ ವಾಡಿಕೆಯ ಗಸ್ತು ನಿಲ್ಲಿಸಿದರು, ಇನ್ನೊಂದರಲ್ಲಿ ಎರಡು ಮೂರು ಪಟ್ಟು ಹೆಚ್ಚಿಸಿದರು, ಮತ್ತೊಂದು ಇದ್ದಂತೆಯೇ ಇತ್ತು. ಅಪರಾಧದಲ್ಲೂ ಜನರ ಭಯದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಮಿನಿಯಾಪೊಲಿಸ್‌ನಲ್ಲಿ 110 ಬಿಸಿ ಜಾಗಗಳನ್ನು, ಅಂದರೆ ಅಪರಾಧ ದಟ್ಟವಾಗಿರುವ ಮೂಲೆಗಳನ್ನು, ಗುರುತಿಸಿ, ಚೀಟಿ ಎತ್ತಿದಂತೆ ಆರಿಸಿದ ಅರ್ಧಕ್ಕೆ ಮಾತ್ರ ಹೆಚ್ಚುವರಿ ಗಸ್ತು ಕೊಟ್ಟಾಗ ಕರೆಗಳು ಇಳಿದವು. ಅಂದರೆ ಊರೆಲ್ಲ ಸುತ್ತುವುದಕ್ಕಿಂತ ಸರಿಯಾದ ಮೂಲೆಯಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲುವುದು ಮೇಲು.

ದಾವಣಗೆರೆಯಲ್ಲೂ ಹೀಗೆ ಚೀಟಿ ಎತ್ತಿ ಕೆಲವು ಬೀದಿಗಳಿಗೆ ಹೆಚ್ಚುವರಿ ಗಸ್ತು ಕೊಟ್ಟು ನೋಡುವುದು ನನ್ನ ಯೋಜನೆ. ಅಮ್ಮನ ತಕರಾರು ಬೇರೆ: “ಉಳಿದರ್ಧ ಬೀದಿಯವರು ಏನು ಪಾಪ ಮಾಡಿದ್ದರು?” ನ್ಯಾಯವಾದ ಪ್ರಶ್ನೆಯೇ. ಯಾರ ಗಸ್ತನ್ನೂ ಕಿತ್ತುಕೊಳ್ಳುವುದಿಲ್ಲ. ಹೆಚ್ಚುವರಿ ಸಿಬ್ಬಂದಿ ಹೇಗಿದ್ದರೂ ಎಲ್ಲ ಕಡೆಗೆ ಸಾಲುವುದಿಲ್ಲ. ಎಲ್ಲಿಗೆ ಎಂಬುದನ್ನು ಶಿಫಾರಸಿನ ಬದಲು ಚೀಟಿ ನಿರ್ಧರಿಸುತ್ತದೆ. ನನಗಂತೂ ಇದೇ ಹೆಚ್ಚು ನ್ಯಾಯವೆನಿಸುತ್ತದೆ.

ಇದು ಪರದೇಶದ ಮಾತು ಎನ್ನುವವರಿಗೆ ರಾಜಸ್ಥಾನವಿದೆ. ಕುಡಿದು ವಾಹನ ಓಡಿಸುವವರ ತಪಾಸಣೆಯನ್ನು ಅಲ್ಲಿ ಹೀಗೆಯೇ ಪರೀಕ್ಷಿಸಿದರು. ಒಂದೇ ಕಡೆ ನಾಕಾಬಂದಿ ಹಾಕಿದಾಗ ಹೆಚ್ಚು ಫಲವಿಲ್ಲ. ಜಾಗ ಬದಲಿಸುತ್ತ ಹೋದಾಗ ರಾತ್ರಿ ಅಪಘಾತಗಳು ಶೇ 17ರಷ್ಟು ತಗ್ಗಿದವು.

ಹೆಡ್ ಕಾನ್‌ಸ್ಟೆಬಲ್ ಎಲ್ಲವನ್ನೂ ಕೇಳಿ, ಕೈ ಒರೆಸಿಕೊಂಡು, “ಸರಿ. ಗಣೇಶನ ಬಂದೋಬಸ್ತಿಗೆ ಅರ್ಧ ಠಾಣೆಯೇ ಹೋಗುತ್ತದೆ. ಆಗ ನಿನ್ನ ಚೀಟಿಯ ಬೀದಿಗೆ ಯಾರನ್ನು ಕಳಿಸುತ್ತೀಯ?” ಎಂದರು. ಯಾವ ಪಠ್ಯದಲ್ಲೂ ನಾನು ಓದದ ಪ್ರಶ್ನೆ. ಎಸ್‌ಪಿ ಕಚೇರಿಗೆ ಕೊಡಲಿರುವ ಮನವಿಯಲ್ಲಿ ಪ್ರಯೋಗವನ್ನು ದೀಪಾವಳಿಯ ನಂತರಕ್ಕೆ ತಳ್ಳಿದ್ದೇನೆ. ಗಸ್ತಿನ ದಾಖಲೆಯಲ್ಲಿ ‘ಬಂದೋಬಸ್ತ್’ ಎಂಬ ಹೊಸ ಕಲಂ ಸೇರಿಸಿದ್ದೇನೆ.