ತೊಟ್ಟಿಲ ಪಕ್ಕದ ಕುಂಚ

ಕೇಳುಗರಿಗೆ ನಮಸ್ಕಾರ.

ರೇಡಿಯೋದಲ್ಲಿ ಚಿತ್ರ ತೋರಿಸೋದು ಹೇಗೆ? ನಾನು ಹೇಳುತ್ತಾ ಹೋಗುತ್ತೇನೆ, ನೀವು ಕಣ್ಣು ಮುಚ್ಚಿಕೊಳ್ಳಿ.

ಒಂದು ತೊಟ್ಟಿಲು. ಮೇಲಿಂದ ಇಳಿಬಿಟ್ಟ ತೆಳು ಬಿಳಿ ಪರದೆ, ನಮ್ಮ ಸೊಳ್ಳೆ ಪರದೆಯ ಹಾಗೆ. ಒಳಗೆ ಮಗು ನಿದ್ದೆ ಹೋಗಿದೆ. ಪಕ್ಕದಲ್ಲಿ ಕೂತ ತಾಯಿ ಎಡಗೈಗೆ ಕೆನ್ನೆ ಆನಿಸಿಕೊಂಡಿದ್ದಾಳೆ. ಬಲಗೈ ಪರದೆಯ ಅಂಚು ಹಿಡಿದಿದೆ. ಬಿಳಿ ಪರದೆ ಅಂದೆನಲ್ವಾ? ಹತ್ತಿರ ಹೋದರೆ ಅಲ್ಲಿ ಬರೀ ಬಿಳಿ ಇಲ್ಲ. ನಸುನೀಲಿ, ಬೂದು, ಚೂರು ಗುಲಾಬಿ. ತಾಯಿಯ ಮುಖದಲ್ಲಿ ಮಮತೆ ಇದೆ ಅನ್ನುತ್ತಾರೆ. ನನಗೇನೋ ಜೊತೆಗೆ ಸ್ವಲ್ಪ ದಣಿವೂ ಕಾಣುತ್ತದೆ.

1872ರ ಈ ಚಿತ್ರದ ಹೆಸರು ‘ತೊಟ್ಟಿಲು’. ಬರೆದವಳು ಫ್ರಾನ್ಸಿನ ಬೆರ್ತ್ ಮೊರಿಸೊ. ಕೂತಿರುವವಳು ಅವಳ ಅಕ್ಕ ಎಡ್ಮಾ.

ಅಕ್ಕ ತಂಗಿ ಇಬ್ಬರೂ ಪ್ಯಾರಿಸ್ಸಿನಲ್ಲಿ ಒಟ್ಟಿಗೇ ಚಿತ್ರ ಕಲಿತವರು. ಸರ್ಕಾರದ ಕಲಾಶಾಲೆಗೆ ಆಗ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ, ಮನೆಪಾಠವೇ ಗತಿ. ಪಾಠ ಹೇಳಿದ ಗಿಶಾರ್ ಮೇಷ್ಟ್ರು ತಾಯಿಯನ್ನು ಎಚ್ಚರಿಸಿದ್ದರು: ಈ ಹುಡುಗಿಯರು ನಿಜವಾದ ಕಲಾವಿದರಾಗಿಬಿಡುತ್ತಾರೆ, ನಿಮ್ಮಂಥ ಮನೆತನಕ್ಕೆ ಅದು ಅನಾಹುತವೇ! 1864ರಲ್ಲಿ ಇಬ್ಬರ ಚಿತ್ರಗಳೂ ಸರ್ಕಾರಿ ಪ್ರದರ್ಶನವಾದ ಸಲೋನ್‌ಗೆ ಆಯ್ಕೆಯಾದವು. 1869ರಲ್ಲಿ ಎಡ್ಮಾ ನೌಕಾಪಡೆಯ ಅಧಿಕಾರಿಯನ್ನು ಮದುವೆಯಾದಳು. ಕುಂಚ ಕೆಳಗಿಟ್ಟಳು. ತಂಗಿ ಇಡಲಿಲ್ಲ.

ಹಾಗಂತ ದಾರಿಯೇನೂ ಸಲೀಸಾಗಿರಲಿಲ್ಲ. 1870ರಲ್ಲಿ ತಾಯಿ ಮತ್ತು ಅಕ್ಕನ ಚಿತ್ರ ಬರೆದು ಸಲೋನ್‌ಗೆ ಕಳಿಸಬೇಕಿತ್ತು. ಆಗಲೇ ಹೆಸರಾಗಿದ್ದ ಚಿತ್ರಗಾರ ಎದುವಾರ್ ಮಾನೆ ಮಧ್ಯಾಹ್ನ ಮನೆಗೆ ಬಂದ. ಚೆನ್ನಾಗಿದೆ, ಲಂಗದ ಕೆಳಭಾಗ ಮಾತ್ರ ಸರಿಯಿಲ್ಲ ಅಂದ. ಸುಮ್ನೆ ಎರಡು ಗೆರೆ ಅಂತ ಕುಂಚ ತಗೊಂಡ. ಲಂಗದಿಂದ ಎದೆಗೆ, ಎದೆಯಿಂದ ತಲೆಗೆ, ತಲೆಯಿಂದ ಹಿನ್ನೆಲೆಗೆ. ಸಂಜೆ ಐದಾದರೂ ನಿಲ್ಲಿಸಲಿಲ್ಲ! ಗಾಡಿಯವನು ಕಾಯುತ್ತಿದ್ದ, ಚಿತ್ರ ಹಾಗೇ ಹೋಯಿತು. ತಾಯಿಗೆ ನಗು, ಮಗಳಿಗೆ ಸಂಕಟ. ಈ ಚಿತ್ರ ಆಯ್ಕೆಯಾಗದಿದ್ದರೆ ಸಾಕು ಅಂತ ಅಕ್ಕನಿಗೆ ಕಾಗದ ಬರೆದಳು. ಆಯ್ಕೆಯಾಯಿತು.

1874ರಲ್ಲಿ ಮೊನೆ, ದೆಗಾ, ರೆನ್ವಾರ್ ಮೊದಲಾದ ಚಿತ್ರಗಾರರು ಸೇರಿ ಸಲೋನ್ ಬಿಟ್ಟು ತಮ್ಮದೇ ಪ್ರದರ್ಶನ ಮಾಡಿದರು. ಇಂಪ್ರೆಷನಿಸ್ಟರ, ಅಂದರೆ ಕಣ್ಣಿಗೆ ಬಿದ್ದ ಕ್ಷಣದ ಬೆಳಕು, ಬಣ್ಣವನ್ನು ಚುರುಕು ಕುಂಚದಲ್ಲಿ ಹಿಡಿಯುವವರ, ಮೊದಲ ಪ್ರದರ್ಶನ ಅದು. ಎದುವಾರ್ ಮಾನೆ ಸೇರಲಿಲ್ಲ, ಬೆರ್ತ್ ಸೇರಿದಳು. ‘ತೊಟ್ಟಿಲು’ ಅಲ್ಲೇ ಇತ್ತು, ಕೊಳ್ಳುವವರು ಸಿಗಲಿಲ್ಲ. ಎರಡು ವರ್ಷದ ನಂತರ ವಿಮರ್ಶಕನೊಬ್ಬ ‘ಐದಾರು ಹುಚ್ಚರು, ಅವರಲ್ಲೊಬ್ಬಳು ಹೆಂಗಸು’ ಅಂತ ಗೀಚಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಗುಂಪಿನ ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಇದ್ದಳು. ತಪ್ಪಿದ್ದು 1879ರದು ಮಾತ್ರ. ಮಗಳು ಜೂಲಿ ಹುಟ್ಟಿ ಆಗಿನ್ನೂ ಕೆಲವೇ ತಿಂಗಳಾಗಿತ್ತು.

ಮದುವೆಯಾಗಿದ್ದು ಮಾನೆಯ ತಮ್ಮ ಯೂಜೀನ್‌ನನ್ನು. ಹೆಂಡತಿಯ ಚಿತ್ರಗಳಿಗಾಗಿ ಓಡಾಡುತ್ತಿದ್ದ ಗಂಡ ಅವನು, ಆ ಕಾಲಕ್ಕೆ ಅಪರೂಪವೇ. ಮನೆಯ ಹಜಾರವೇ ಅವಳ ಸ್ಟುಡಿಯೋ. ಚಿತ್ರಗಳಲ್ಲಿ ಇರುವುದೂ ಅದೇ ಲೋಕ: ತೋಟ, ಕನ್ನಡಿ, ಬಟ್ಟೆ ಒಣಹಾಕುವ ಹೆಂಗಸರು, ಜೂಲಿ.

1895ರ ಮಾರ್ಚ್ 2ರಂದು, ಕಾಯಿಲೆ ಬಿದ್ದ ಮಗಳ ಆರೈಕೆ ಮಾಡಿದ ಬೆನ್ನಲ್ಲೇ, ಬೆರ್ತ್ ತೀರಿಕೊಂಡಳು. ವಯಸ್ಸು 54. ಮರಣಪತ್ರದಲ್ಲಿ ‘ಉದ್ಯೋಗವಿಲ್ಲ’ ಅಂತ ಬರೆದರು. ಮರುವರ್ಷ ದೆಗಾ, ಮೊನೆ, ರೆನ್ವಾರ್ ಮತ್ತು ಕವಿ ಮಲಾರ್ಮೆ ಸೇರಿ ಅವಳ ಪ್ರದರ್ಶನ ಏರ್ಪಡಿಸಿದರು. ಗೋಡೆ ತುಂಬ ಹತ್ತಿರ ಹತ್ತಿರ 400 ಚಿತ್ರಗಳು.

ನಮಸ್ಕಾರ.