ಕಾಣದ ನವಿಲಿನ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಉಡುಪಿ ಸುತ್ತಮುತ್ತ ಗದ್ದೆ ಮಾಡುವವರು ಸಿಕ್ಕಿದಾಗಲೆಲ್ಲ ನನ್ನ ಹತ್ತಿರ ಕೇಳುವುದು ಒಂದೇ. "ನವಿಲು ಈಗ ಜಾಸ್ತಿ ಆಗಿದೆ ಅಲ್ವಾ ಸರ್?" ಬಿತ್ತಿದ್ದನ್ನು ನವಿಲು ಹೆಕ್ಕಿ ತಿನ್ನುವುದನ್ನು ಕಂಡವರು ಅವರು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಜಾಸ್ತಿ ಆಗುವುದು ಬೇರೆ, ಜಾಸ್ತಿ ಕಾಣುವುದು ಬೇರೆ. ಹಾಡಿ, ಅಂದರೆ ಊರ ಪಕ್ಕದ ಸಣ್ಣ ಕಾಡು, ಕಡಿದರೆ ಒಳಗಿದ್ದ ನವಿಲು ಬಯಲಿಗೆ ಬರುತ್ತದೆ. ಇದ್ದದ್ದು ಅಷ್ಟೇ ಆದರೂ ನಮ್ಮ ಕಣ್ಣಿಗೆ ಎರಡು ಪಟ್ಟು.

ಎಣಿಸಲು ಹೊರಟವರಿಗೆ ನಿಜವಾದ ಕಷ್ಟ, ಕಣ್ಣಿಗೆ ಬೀಳದೆ ಉಳಿದದ್ದು ಎಷ್ಟು ಅಂತ ತಿಳಿಯುವುದು.

ಈ ಚೀಲ ನೋಡಿ. ಒಳಗೆ ಚೆನ್ನೆಮಣೆ ಆಡುವ ಬೀಜ ಇದೆ. ಸುರಿದು ಎಣಿಸುವ ಹಾಗಿಲ್ಲ. ಕಾಡನ್ನು ಹಾಗೆ ಸುರಿಯಲು ಆಗುತ್ತದಾ? 40 ಬೀಜ ತೆಗೆದು ಸುಣ್ಣದ ಬೊಟ್ಟು ಇಡುತ್ತೇನೆ. ವಾಪಸ್ ಹಾಕಿ ಚೆನ್ನಾಗಿ ಕಲಕುತ್ತೇನೆ. ಈಗ ಕಣ್ಣು ಮುಚ್ಚಿ 50 ತೆಗೆಯೋಣ. ಅದರಲ್ಲಿ ಬೊಟ್ಟಿನದ್ದು 10 ಬಂತು ಅನ್ನಿ. ಐದರಲ್ಲಿ ಒಂದು. ಹಾಗಾದರೆ ನಾನು ಬೊಟ್ಟಿಟ್ಟ 40 ಕೂಡ ಇಡೀ ಚೀಲದ ಐದನೇ ಒಂದು ಪಾಲು ಇರಬೇಕು. ಚೀಲದಲ್ಲಿ ಸುಮಾರು 200 ಬೀಜ. ಡೆನ್ಮಾರ್ಕಿನ ಮೀನು ವಿಜ್ಞಾನಿ ಪೀಟರ್ಸನ್ 1896ರಲ್ಲಿ ಮೀನಿಗೆ ಗುರುತು ಹಾಕಿದ್ದು, ಅಮೆರಿಕದ ಪಕ್ಷಿ ವಿಜ್ಞಾನಿ ಲಿಂಕನ್ 1930ರಲ್ಲಿ ಬಾತುಕೋಳಿಯ ಕಾಲಿನ ಉಂಗುರ ಹಿಡಿದು ಲೆಕ್ಕ ಹಾಕಿದ್ದು ಇದೇ ದಾರಿಯಲ್ಲಿ.

ಬೀಜಕ್ಕೆ ಹೆದರಿಕೆ ಇಲ್ಲ, ಪ್ರಾಣಿಗೆ ಇದೆ. ಒಮ್ಮೆ ಸಿಕ್ಕಿಬಿದ್ದದ್ದು ಮತ್ತೆ ಆ ಕಡೆ ಸುಳಿಯದಿದ್ದರೆ ಗುರುತಿನವು ಕಡಿಮೆ ಸಿಗುತ್ತವೆ. ಆಗ ಲೆಕ್ಕ ಸುಮ್ನೆ ಏರುತ್ತದೆ. ಗುರುತು ಅಳಿಸಿ ಹೋದರೂ ಹಾಗೆಯೇ.

ಹುಲಿಗೆ ಬೊಟ್ಟು ಇಡಬೇಕಾಗಿಲ್ಲ. ಒಂದರ ಪಟ್ಟೆಯ ಹಾಗೆ ಇನ್ನೊಂದರ ಪಟ್ಟೆ ಇರುವುದಿಲ್ಲ. ನಮ್ಮ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯ ದಾರಿಗಳಲ್ಲಿ ಕ್ಯಾಮೆರಾ ಇಟ್ಟು, ಪಟ್ಟೆ ನೋಡಿ ಇದೇ ಲೆಕ್ಕ ಮಾಡಿದರು. ಆಗ ದೇಶದಲ್ಲಿ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆ ಗುರುತಿನಿಂದ. ಒಂದೇ ಹುಲಿಯ ಹೆಜ್ಜೆ ಕೆಸರಲ್ಲಿ ಒಂದು ಥರ, ಮರಳಲ್ಲಿ ಇನ್ನೊಂದು ಥರ ಮೂಡುತ್ತದೆ. ರಾಜಸ್ಥಾನದ ಸರಿಸ್ಕಾ ಹುಲಿ ಕಾಡಿನ ಲೆಕ್ಕದ ಪುಸ್ತಕದಲ್ಲಿ ಹುಲಿ ಇತ್ತು, ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. 2005ರಲ್ಲಿ ಅದು ಖಚಿತವಾಯಿತು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಲೆಕ್ಕ ತಪ್ಪಿದ್ದಕ್ಕೆ ಕಾವಲು ತಪ್ಪಿದ್ದೂ ಗೊತ್ತಾಗಲಿಲ್ಲ.

2022ರ ಗಣತಿಯಲ್ಲಿ ದೇಶದ ಹುಲಿಗಳ ಸಂಖ್ಯೆ ಕಡಿಮೆಯೆಂದರೆ 3,167, ಜಾಸ್ತಿಯೆಂದರೆ 3,925, ಸರಾಸರಿ 3,682. ಹೆಚ್ಚಿನವರ ಬಾಯಲ್ಲಿ ಒಂದೇ ಸಂಖ್ಯೆ ಉಳಿಯುತ್ತದೆ. ನನಗೆ ಆ ಅಂತರದ ಮೇಲೇ ಹೆಚ್ಚು ನಂಬಿಕೆ.

ಗಿಡಮರ ಓಡುವುದಿಲ್ಲ. ಅಲ್ಲಲ್ಲಿ ಚೌಕ ಹಾಕಿ, ಒಳಗಿದ್ದದ್ದನ್ನು ಎಣಿಸಿ ಇಡೀ ಜಾಗಕ್ಕೆ ಗುಣಿಸುತ್ತಾರೆ. ಆದರೆ ಉಡುಪಿ ಹತ್ತಿರದ ಕೆಮ್ಮಣ್ಣು ಊರಿನ ಕಾಂಡ್ಲಾ ಕಾಡಿನಲ್ಲಿ, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಡಿನಲ್ಲಿ, ದೋಣಿ ಸುಲಭವಾಗಿ ನಿಲ್ಲುವ ಕಡೆಯೇ ಚೌಕ ಹಾಕಿದರೆ ಅಂಚಿನ ಲೆಕ್ಕ ಸಿಗುತ್ತದೆ, ಕಾಡಿನದ್ದಲ್ಲ. ಚೌಕದ ಜಾಗವನ್ನು ಚೀಟಿ ಎತ್ತಿ ಗೊತ್ತು ಮಾಡಬೇಕು, ಅದು ಸೊಂಟದವರೆಗಿನ ಕೆಸರಲ್ಲಿ ಬಂದರೂ ಸರಿ.

ಈಗ ನಮ್ಮ ನವಿಲು. ನೇರ ಗೆರೆ ಹಾಕಿಕೊಂಡು ನಡೆಯಿರಿ. ಕಂಡ ಪ್ರತಿ ನವಿಲು ಗೆರೆಯಿಂದ ಎಷ್ಟು ದೂರ ಅಂತ ಬರೆಯಿರಿ. ಗೆರೆಯ ಮೇಲೆ ಇದ್ದದ್ದು ತಪ್ಪದೆ ಕಾಣುತ್ತದೆ. ದೂರ ಹೋದಷ್ಟು ಕಾಣುವುದು ಇಳಿಯುತ್ತದೆ. ಆ ಇಳಿತದಿಂದಲೇ ಕಾಣದೆ ಉಳಿದವು ಎಷ್ಟು ಅಂತ ಲೆಕ್ಕ ಸಿಗುತ್ತದೆ. ಪ್ರತಿ ವರ್ಷ ಅದೇ ತಿಂಗಳು, ಅದೇ ಗೆರೆ, ಬೆಳಗ್ಗೆ ಅದೇ ಹೊತ್ತು. ಒಂದೂ ಕಾಣದೆ ವಾಪಸ್ ಬಂದ ದಿನ ಪುಸ್ತಕ ಖಾಲಿ ಬಿಡಬೇಡಿ. ತಾರೀಕು ಹಾಕಿ ಸೊನ್ನೆ ಅಂತ ಬರೆಯಿರಿ.