ಹಾವು ಬಿಡಿ, ಗೋಡೆ ನೋಡಿ

ಹಾಳೆ ಕಾಣಿಸ್ತಿದೆ ಅಲ್ವಾ? ಕಥೆಯಲ್ಲಿ ಕೊಲೆ ನಡೆಯೋ ಮನೆಯ ಪ್ಲ್ಯಾನ್ ಇದರ ಮೇಲೆ ಬರೀತಾ ಹೋಗೋಣ. ಇವತ್ತು ಶೆರ್ಲಾಕ್ ಹೋಮ್ಸ್‌ನ ‘ಸ್ಪೆಕಲ್ಡ್ ಬ್ಯಾಂಡ್’, 1892ರ ಕಥೆ. ಗುಟ್ಟೆಲ್ಲ ಬಿಟ್ಟುಕೊಡ್ತೀನಿ. ಓದದೆ ಇರೋರು ಇಲ್ಲೇ ನಿಲ್ಲಿಸಿ, ಓದ್ಕೊಂಡು ಬನ್ನಿ.

ಹಾವಿನ ವಿಷಯ ಮೊದ್ಲು ಮುಗಿಸಿಬಿಡೋಣ. ‘ಸ್ವಾಂಪ್ ಆಡರ್, ಭಾರತದ ಅತ್ಯಂತ ವಿಷದ ಹಾವು’ ಅಂತಾನೆ ಹೋಮ್ಸ್. ಆ ಹೆಸರಿನ ಹಾವೇ ನಮ್ಮಲ್ಲಿಲ್ಲ. ಕಥೆಯ ಕೊಲೆಗಾರ ಡಾಕ್ಟರ್ ರಾಯ್ಲಟ್ ಅದಕ್ಕೆ ಹಾಲಿಟ್ಟು ಸಾಕ್ತಾನೆ, ಶಿಳ್ಳೆ ಹಾಕಿ ವಾಪಸ್ ಕರೀತಾನೆ. ಹಾಲು ಹಾವಿನ ಆಹಾರ ಅಲ್ಲ. ನಾಗರಪಂಚಮಿಗೆ ಹುತ್ತಕ್ಕೆ ಎರೆಯೋದು ನಮ್ಮ ಭಕ್ತಿಗೆ, ಅದರ ಹಸಿವಿಗಲ್ಲ. ಹಾವಿಗೆ ಹೊರಕಿವಿ ಇಲ್ಲ, ಶಿಳ್ಳೆಯಂಥ ಕೀಚು ದನಿ ಅದಕ್ಕೆ ನಿಲುಕೋದೂ ಕಷ್ಟ. ಕೊನೆಗೆ ಅದು ರಾಯ್ಲಟ್‌ಗೇ ಕಚ್ಚುತ್ತೆ, ಹತ್ತೇ ಸೆಕೆಂಡಿಗೆ ಸಾವು! ಕಾಳಿಂಗ ಕಚ್ಚಿದ್ರೂ ಅಷ್ಟು ಬೇಗ ಜೀವ ಹೋಗಲ್ಲ. ಪತ್ತೇದಾರಿ ಕಥೆಯಾಗಿ ಇದು ಸೋತಿದೆ.

ಈಗ ಪೆನ್ಸಿಲ್. ಸಾಲಾಗಿ ಮೂರು ರೂಮು: ಮಲತಂದೆ ರಾಯ್ಲಟ್‌ದು, ಆಮೇಲೆ ಅವನ ಇಬ್ಬರು ಮಲಮಗಳಂದಿರದು, ಸತ್ತ ಜೂಲಿಯಾದು ಮತ್ತು ಹೋಮ್ಸ್ ಹತ್ರ ಬಂದ ಹೆಲನ್‌ದು. ಕಿಟಕಿ ಹುಲ್ಲುಹಾಸಿನ ಕಡೆ, ಬಾಗಿಲು ಮೂರೂ ಒಂದೇ ಕಾರಿಡಾರಿಗೆ. ರೂಮಿಂದ ರೂಮಿಗೆ ಬಾಗಿಲಿಲ್ಲ. ಇದನ್ನ ದಪ್ಪಗೆ ಬರ್ಕೊಳ್ಳಿ.

ಮುಂದೆ ವೆಂಟಿಲೇಟರ್. ನಾವು ತಪ್ಪೋದು ಇಲ್ಲೇ. ನಮ್ಮ ಮನೆಗಳಲ್ಲಿ ವೆಂಟಿಲೇಟರ್ ಅಂದ್ರೆ ಕಿಟಕಿ ಮೇಲೆ, ಹೊರಗೋಡೆಗೆ. ಕಣ್ಣು ಆ ಪದದ ಮೇಲೆ ಹಾಗೇ ಜಾರಿಬಿಡುತ್ತೆ, ಪ್ಲ್ಯಾನಲ್ಲೂ ಕೈ ಹೊರಗೋಡೆಗೇ ಹೋಗುತ್ತೆ. ಅಳಿಸಿ. ಅದಿರೋದು ಜೂಲಿಯಾ ಮತ್ತು ರಾಯ್ಲಟ್ ರೂಮಿನ ನಡುಗೋಡೆಯಲ್ಲಿ. ಗಾಳಿಗೆ ಅಂತ ಕೊರೆದ ತೂತು ಇನ್ನೊಬ್ಬರ ರೂಮಿಗೆ ಯಾಕೆ ತೆರೀಬೇಕು?

ಅದನ್ನ ನೋಡೋಕೆ ಮುಂಚೆಯೇ ಹೋಮ್ಸ್‌ಗೆ ಗೊತ್ತು. ಹೇಗೆ? ಸಾಯೋ ರಾತ್ರಿ ಜೂಲಿಯಾ ತನ್ನ ರೂಮು ಬಿಟ್ಟು ಹೆಲನ್ ಹತ್ರ ಬಂದಿದ್ದು ರಾಯ್ಲಟ್ ಸೇದೋ ಇಂಡಿಯನ್ ಚುಟ್ಟದ ಘಾಟು ತಡೀಲಾರದೆ. ನಡುವೆ ಬಾಗಿಲಿಲ್ಲ, ಘಾಟು ಮಾತ್ರ ಬರ್ತಿದೆ. ಸುಳಿವು ಮೊದಲ ಪುಟಗಳಲ್ಲೇ, ಹೆಲನ್ ಬಾಯಲ್ಲೇ ಬಂದುಹೋಗುತ್ತೆ. ಇದಕ್ಕಿಂತ ನ್ಯಾಯವಾಗಿ ಓದುಗರ ಜೊತೆ ಆಡೋಕಾಗಲ್ಲ. ಸೋತಿದೆ ಅಂದೆನಲ್ಲ, ಆ ಮಾತು ವಾಪಸ್.

ದುಡ್ಡಿನ ಲೆಕ್ಕವೂ ಹೀಗೇ ಗಟ್ಟಿ. ತಾಯಿ ಸತ್ತಾಗ ಆಸ್ತಿಯ ವರ್ಷದ ಆದಾಯ ಹತ್ತಿರಹತ್ತಿರ 1,100 ಪೌಂಡ್. ಬೆಳೆ ಬೆಲೆ ಬಿದ್ದು 750ಕ್ಕೆ ಇಳಿದಿದೆ. ಮದುವೆಯಾದ್ರೆ ಒಬ್ಬೊಬ್ಬ ಮಗಳಿಗೆ ವರ್ಷಕ್ಕೆ 250. ಇಬ್ಬರೂ ಮದುವೆಯಾದ್ರೆ ರಾಯ್ಲಟ್‌ಗೆ ಉಳಿಯೋದು 250 ಮಾತ್ರ. ಕೊಲೆಗೆ ಕಾರಣ ರೈತನ ಪೈರಿನ ಬೆಲೆಯಿಂದ ಶುರುವಾಗುತ್ತೆ, ಇದನ್ನ ಯಾಕೆ ಯಾರೂ ಮಾತಾಡಲ್ವೋ... ಸರಿ, ವೀಡಿಯೋ ಮುಗೀತಾ ಬಂತು, ಮಂಚಕ್ಕೆ ಬರೋಣ.

ಜೂಲಿಯಾ ರೂಮಿನ ಮಂಚ ನೆಲಕ್ಕೆ ಬಿಗಿದಿದೆ, ಅಲುಗಲ್ಲ. ಮೇಲಿಂದ ಕರೆಗಂಟೆಯ ಹಗ್ಗ, ಗೊಂಡೆ ದಿಂಬಿನ ಮೇಲೇ ಬಿದ್ದಿದೆ. ಎಳೆದ್ರೆ ಗಂಟೆ ಹೊಡಿಯಲ್ಲ, ಯಾಕಂದ್ರೆ ಅದಕ್ಕೆ ತಂತಿಯೇ ಇಲ್ಲ. ವೆಂಟಿಲೇಟರ್‌ಗೆ ಸ್ವಲ್ಪ ಮೇಲಿರೋ ಕೊಕ್ಕೆಗೆ ಸಿಕ್ಕಿಸಿದಾರೆ ಅಷ್ಟೆ. ಅಲ್ಲಿಂದ ದಿಂಬಿನವರೆಗೆ ಚುಕ್ಕಿಗೆರೆ ಎಳೀರಿ, ಹಾವು ಇಳಿಯೋ ದಾರಿ ಅದು. ಆಚೆ ರೂಮಲ್ಲಿ ತಿಜೋರಿ. ಒಂದು ಮರದ ಕುರ್ಚಿಗೂ ಜಾಗ ಬಿಡಿ, ವೆಂಟಿಲೇಟರ್ ಕೈಗೆ ಸಿಗೋಕೆ ರಾಯ್ಲಟ್ ಅದರ ಮೇಲೆ ಹತ್ತಬೇಕು.